ಕ್ಯೂ ಇದೆ, ಯು ಇಲ್ಲ: ಕೊಟ್ಟ ಅಕ್ಷರಗಳಿಂದ ಇಂಗ್ಲಿಷ್ ಪದ ಹುಡುಕೋದು ಹೇಗೆ?

ಕುಂದವಾಡ_ಕೆರೆ (ದಾವಣಗೆರೆ) ಕೇಳಿದ್ದು:

ದಾವಣಗೆರೆಯಲ್ಲಿ ಹೈಸ್ಕೂಲು ಮತ್ತು ಪಿಯು ಮಕ್ಕಳಿಗೆ ಭಾನುವಾರ ಭಾನುವಾರ ಇಂಗ್ಲಿಷ್ ಪದದಾಟ ನಡೆಸೋದಿದೆ. ಬಹುಪಾಲು ಕನ್ನಡ ಮಾಧ್ಯಮದ ಮಕ್ಕಳು. ಮೂರು ಆಟ ಇಟ್ಟಿದ್ದೇವೆ. ಒಂದು ಸ್ಕ್ರ್ಯಾಬಲ್, ಕೈಯಲ್ಲಿರುವ ಏಳು ಅಕ್ಷರದ ಬಿಲ್ಲೆಗಳಿಂದ ಬೋರ್ಡಿನ ಮೇಲೆ ಪದ ಜೋಡಿಸಿ ಅಂಕ ಗಳಿಸೋದು. ಇನ್ನೊಂದು ವರ್ಡಲ್ ಥರದ್ದು, ಐದಕ್ಷರದ ಪದವನ್ನು ಆರು ಸಲದೊಳಗೆ ಊಹಿಸೋದು. ಮೂರನೆಯದು ಜೇನುಗೂಡು: ಏಳು ಅಕ್ಷರ ಕೊಡ್ತೀವಿ, ನಡುವಿನ ಅಕ್ಷರ ಪ್ರತಿ ಪದದಲ್ಲೂ ಬರಲೇಬೇಕು, ಒಂದು ಅಕ್ಷರವನ್ನು ಎಷ್ಟು ಸಲ ಬೇಕಾದರೂ ಬಳಸಬಹುದು.

ಆಟ ಮುಗಿದ ಮೇಲೆ ಮಕ್ಕಳು ಕೇಳೋದು ಒಂದೇ: "ಈ ಅಕ್ಷರದಲ್ಲಿ ಇನ್ನೇನೇನು ಮಾಡಬಹುದಿತ್ತು?" ಅದಕ್ಕೆ ಅಲ್ಲೇ ಉತ್ತರ ತೋರಿಸಬೇಕು. ಹಾಲ್‌ನಲ್ಲಿ ನೆಟ್ ಇಲ್ಲ. ಎಕ್ಸೆಲ್ 2010 ಇರುವ ಹಳೇ ಲ್ಯಾಪ್‌ಟಾಪ್ ಇದೆ, ಸಾಲಿಗೊಂದು ಪದ ಇರುವ ಪಟ್ಟಿಯೂ ಇಳಿಸಿಕೊಂಡಿದ್ದೇವೆ.

ತೊಂದರೆ ಇಷ್ಟು. ಫಿಲ್ಟರ್‌ನಲ್ಲಿ "ಕಂಟೇನ್ಸ್" ಆರಿಸಿ ಎ-ಆರ್-ಇ ಅಂತ ಹಾಕಿದರೆ ಕೇರ್, ಏರಿಯಾ ಬರುತ್ತವೆ, ಇಯರ್ ಬರೋದಿಲ್ಲ. ಕ್ಯೂ ಇದ್ದು ಯು ಇಲ್ಲದ ಪದ ಹೇಗೆ ತೆಗೀಬೇಕೋ ಗೊತ್ತಾಗ್ತಿಲ್ಲ. ಪದ ಹುಡುಕಿಕೊಡುವ ಒಂದು ವೆಬ್‌ಸೈಟಿನಿಂದ ಪಟ್ಟಿ ಬರೆದುಕೊಂಡು ಹೋದರೆ, ಅದರಲ್ಲಿ ಕೆಲವು ನಾವು ಆಡುವ ನಿಘಂಟಿನಲ್ಲೇ ಇಲ್ಲ.

ಉತ್ತರ ಪ್ರಿಂಟ್ ತೆಗೆದು ಹಾಲ್‌ನಲ್ಲಿ ಅಂಟಿಸೋಣ ಅಂತಿದೀವಿ, ಹಾಗಾಗಿ ಅಕ್ಷರಗಳ ಹೆಸರನ್ನೂ ಕನ್ನಡದಲ್ಲೇ ಬರೆದರೆ ಅನುಕೂಲ.

ಏಳುಸುತ್ತು (ಚಿತ್ರದುರ್ಗ):

"ಈ ಅಕ್ಷರಗಳಿರುವ ಪದ" ಅನ್ನೋದರಲ್ಲಿ ನಾಲ್ಕು ಬೇರೆ ಬೇರೆ ಪ್ರಶ್ನೆ ಅಡಗಿವೆ. ಅಕ್ಷರಗಳು ಅದೇ ಸಾಲಿನಲ್ಲಿ ಒತ್ತಾಗಿ ಬರಬೇಕಾ? ಪದದಲ್ಲಿ ಎಲ್ಲಾದರೂ ಇದ್ದರೆ ಸಾಕಾ? ಇವನ್ನು ಬಿಟ್ಟು ಬೇರೆ ಅಕ್ಷರ ಇರಲೇಬಾರದಾ? ಇಂಥ ಮನೆಯಲ್ಲಿ ಇಂಥದ್ದೇ ಅಂತ ಇದೆಯಾ? ನಿಮ್ಮ ಫಿಲ್ಟರ್ ಮೊದಲನೇ ಪ್ರಶ್ನೆಗೆ ಸರಿಯಾಗೇ ಉತ್ತರ ಕೊಟ್ಟಿದೆ. ನಿಮಗೆ ಬೇಕಾಗಿದ್ದು ಎರಡನೆಯದು.

ಪಟ್ಟಿಯನ್ನ ಮೊದಲು ಸರಿಯಾಗಿ ಒಳಗೆ ತಗೊಳ್ಳಿ, ಅರ್ಧ ಗೋಳು ಅಲ್ಲೇ ಹುಟ್ಟೋದು. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೀಬೇಡಿ. ಡೇಟಾ ಟ್ಯಾಬ್, ಫ್ರಮ್ ಟೆಕ್ಸ್ಟ್, ಮೂರನೇ ಹಂತದಲ್ಲಿ ಕಾಲಮ್ಮಿಗೆ "ಟೆಕ್ಸ್ಟ್" ಅಂತ ಕೊಡಿ. ಕೊಡದಿದ್ದರೆ ಟ್ರೂ, ಫಾಲ್ಸ್ ಅನ್ನೋ ಎರಡು ಪದಗಳನ್ನ ಎಕ್ಸೆಲ್ ಪದ ಅಂತಲೇ ನೋಡಲ್ಲ, ತರ್ಕದ ಬೆಲೆ ಅಂದುಕೊಳ್ಳುತ್ತೆ. ಆಮೇಲೆ ಅಕ್ಷರ ಹಾಕಿ ಫಿಲ್ಟರ್ ಮಾಡಿದರೆ ಅವು ಸಿಗಲ್ಲ. ವೆಬ್ ಪುಟದಿಂದ ಕಾಪಿ ಮಾಡಿದ ಪಟ್ಟಿಯಾದರೆ ಪದದ ಬೆನ್ನಿಗೆ ಕಣ್ಣಿಗೆ ಕಾಣದ ಸ್ಪೇಸ್ ಅಂಟಿಕೊಂಡಿರಬಹುದು. ಅದು 160ನೇ ಕೋಡಿನ ಸ್ಪೇಸ್ ಆಗಿದ್ದರೆ ಟ್ರಿಮ್ ಫಂಕ್ಷನ್‌ಗೆ ಬಗ್ಗಲ್ಲ, ಸಬ್‌ಸ್ಟಿಟ್ಯೂಟ್ ಹಾಕಿ ತೆಗೀಬೇಕು. ಸಿ-ಎ-ಟಿ ಪದಕ್ಕೆ ಲೆನ್ ಫಂಕ್ಷನ್ ಹಾಕಿ ನೋಡಿ. 3 ಬಂದರೆ ಪಟ್ಟಿ ಚೊಕ್ಕ, 4 ಬಂದರೆ ಕಸ ಇದೆ.

ಎಲ್ಲ ಪದಗಳನ್ನೂ ದೊಡ್ಡಕ್ಷರಕ್ಕೆ ತಿರುಗಿಸಿಕೊಳ್ಳಿ, ಇದಕ್ಕೆ ಅಪ್ಪರ್ ಫಂಕ್ಷನ್. ಮುಂದೆ ಬಳಸೋ ಸಬ್‌ಸ್ಟಿಟ್ಯೂಟ್‌ಗೆ ದೊಡ್ಡ ಇ ಬೇರೆ, ಸಣ್ಣ ಇ ಬೇರೆ.

ಹಾಳೆಯ ಮೇಲಿನ ನಾಲ್ಕು ಸಾಲು ಖಾಲಿ ಬಿಡಿ. ಐದನೇ ಸಾಲಲ್ಲಿ ತಲೆಬರಹ (ವರ್ಡ್ ಅಂತಿಟ್ಟುಕೊಳ್ಳಿ), ಆರನೇ ಸಾಲಿಂದ ಪದಗಳು. ಮೇಲೆ ಯಾಕೆ ಖಾಲಿ ಅಂದರೆ, ಫಿಲ್ಟರ್ ಹಾಕಿದಾಗ ಪಟ್ಟಿಯ ಸಾಲುಗಳು ಮುಚ್ಚಿಕೊಳ್ಳುತ್ತವೆ. ಷರತ್ತುಗಳನ್ನ ಪಟ್ಟಿಯ ಪಕ್ಕದಲ್ಲಿ ಬರೆದಿದ್ದರೆ ಅವೂ ಜೊತೆಗೇ ಮಾಯ.

ಈಗ ಎ, ಆರ್, ಇ ಮೂರೂ ಎಲ್ಲಾದರೂ ಇರುವ ಪದ. ಮಾಮೂಲಿ ಕಸ್ಟಮ್ ಫಿಲ್ಟರ್ ಎರಡೇ ಷರತ್ತು ತಗೊಳ್ಳುತ್ತೆ, ಮೂರನೆಯದಕ್ಕೆ ಜಾಗ ಇಲ್ಲ. ಅದಕ್ಕೆ ಅಡ್ವಾನ್ಸ್ಡ್ ಫಿಲ್ಟರ್. ಮೊದಲ ಸಾಲಿನ ಮೂರು ಮನೆಗಳಲ್ಲೂ ವರ್ಡ್ ಅಂತ ಅದೇ ತಲೆಬರಹ ಬರೀರಿ. ಅವುಗಳ ಕೆಳಗೆ ಒಂದೊಂದರಲ್ಲಿ *ಎ*, *ಆರ್*, *ಇ*. ನಕ್ಷತ್ರ ಅಂದರೆ "ಇಲ್ಲಿ ಏನಿದ್ದರೂ ಸರಿ, ಇಲ್ಲದಿದ್ದರೂ ಸರಿ" ಅಂತ. ಡೇಟಾ, ಅಡ್ವಾನ್ಸ್ಡ್, ಲಿಸ್ಟ್ ರೇಂಜ್‌ಗೆ ಪಟ್ಟಿ, ಕ್ರೈಟೀರಿಯಾ ರೇಂಜ್‌ಗೆ ಈ ಎರಡು ಸಾಲು. ಒಂದೇ ಸಾಲಲ್ಲಿರೋ ಷರತ್ತುಗಳು "ಇದೂ ಬೇಕು ಅದೂ ಬೇಕು", ಬೇರೆ ಬೇರೆ ಸಾಲಲ್ಲಿದ್ದರೆ "ಇದಾದರೂ ಸರಿ ಅದಾದರೂ ಸರಿ". ಕ್ರೈಟೀರಿಯಾ ರೇಂಜ್ ಹಿಡಿಯುವಾಗ ಅಪ್ಪಿತಪ್ಪಿ ಒಂದು ಖಾಲಿ ಸಾಲು ಸೇರಿಸಿದರೆ ಪಟ್ಟಿಯ ಪದಗಳೆಲ್ಲ ಬಂದು ನಿಲ್ಲುತ್ತವೆ. ಖಾಲಿ ಸಾಲು ಅಂದರೆ ಷರತ್ತೇ ಇಲ್ಲ ಅಂತ ಅರ್ಥ.

ಎರಡು ಇ ಇರಲೇಬೇಕು ಅಂದರೆ *ಇ*ಇ*. ಬೇಡದ ಅಕ್ಷರಕ್ಕೆ ಮುಂದೆ <> ಸೇರಿಸಿ.

ನಿಮ್ಮ ಕ್ಯೂ ಪ್ರಶ್ನೆ ಇಲ್ಲಿಗೆ ಬರುತ್ತೆ, ಸ್ವಲ್ಪ ನಿಧಾನಕ್ಕೆ ನೋಡಿ. ಒಂದು ಮನೆಯಲ್ಲಿ *ಕ್ಯೂ*, ಪಕ್ಕದ ಮನೆಯಲ್ಲಿ <>*ಯು* ಹಾಕಿದರೆ ಫಕೀರ್ (ಎಫ್-ಎ-ಕ್ಯೂ-ಐ-ಆರ್), ತಲಾಖ್ (ಟಿ-ಎ-ಎಲ್-ಎ-ಕ್ಯೂ), ನಿಖಾಬ್ (ಎನ್-ಐ-ಕ್ಯೂ-ಎ-ಬಿ) ಸಿಗುತ್ತವೆ. ಬುರ್ಖಾ ಸಿಗಲ್ಲ. ಅದರ ಸ್ಪೆಲ್ಲಿಂಗ್ ಬಿ-ಯು-ಆರ್-ಕ್ಯೂ-ಎ, ಯು ಇದೆ, ಆದರೆ ಕ್ಯೂ ಬೆನ್ನಿಗಿಲ್ಲ. ಬೋರ್ಡಿನಲ್ಲಿ ಆಡುವಾಗ ನಿಮಗೆ ಬೇಕಾಗೋದು ಸಾಮಾನ್ಯವಾಗಿ "ಕ್ಯೂ ಆದ ಮೇಲೆ ಯು ಬಾರದ" ಪದ, ಅದಕ್ಕೆ <>*ಕ್ಯೂಯು* ಹಾಕಬೇಕು. ಎರಡೂ ಪಟ್ಟಿ ಬೇರೆ ಬೇರೆಯಾಗಿ ಪ್ರಿಂಟ್ ಮಾಡಿ ಇಟ್ಟುಕೊಳ್ಳಿ: ಕೈಯಲ್ಲಿ ಯು ಇಲ್ಲದಾಗ ಮೊದಲನೆಯದು, ಇದ್ದಾಗ ಎರಡನೆಯದು.

ಇಂತಿಂಥ ಮನೆಯಲ್ಲಿ ಇಂತಿಂಥ ಅಕ್ಷರ ಅನ್ನೋದಕ್ಕೆ ಪ್ರಶ್ನಾರ್ಥಕ ಚಿಹ್ನೆ. ಒಂದು ಚಿಹ್ನೆಗೆ ಒಂದೇ ಅಕ್ಷರ. ?ಎ??ಇ ಅಂದರೆ ಐದಕ್ಷರ, ಎರಡನೆಯದು ಎ, ಕೊನೆಯದು ಇ. ಕಸ್ಟಮ್ ಫಿಲ್ಟರ್‌ನ "ಈಕ್ವಲ್ಸ್"ನಲ್ಲಿ ಇದು ನೇರ ನಡೆಯುತ್ತೆ. ಅಡ್ವಾನ್ಸ್ಡ್‌ನಲ್ಲಿ ಹಾಗೇ ಬರೆದರೆ "ಹೀಗೆ ಶುರುವಾಗುವ" ಅಂತ ತಿಳಿದು ಆರಕ್ಷರ ಎಂಟಕ್ಷರದ ಪದಗಳನ್ನೂ ಎಳ್ಕೊಂಡು ಬರುತ್ತೆ. ಪಕ್ಕದಲ್ಲಿ ಲೆನ್ ಹಾಕಿ ಪದದ ಉದ್ದದ ಕಾಲಮ್ ಒಂದು ಮಾಡಿಕೊಂಡು, ಜೊತೆಗೆ ಅದಕ್ಕೆ 5 ಅಂತ ಷರತ್ತು ಹಾಕಿಬಿಡಿ, ತಕರಾರು ಮುಗೀತು.

ಕುಂದವಾಡ_ಕೆರೆ:

ಸರ್, ಬುರ್ಖಾದ ವಿಷಯ ತಲೆಗೇ ಹೊಳೆದಿರಲಿಲ್ಲ. ಮೂರನೇ ಪ್ರಶ್ನೆ ಬಾಕಿ ಇದೆ: ಏಳು ಬಿಲ್ಲೆ ಕೈಯಲ್ಲಿವೆ, ಅವುಗಳಿಂದಷ್ಟೇ ಆಗುವ ಪದಗಳು. ಖಾಲಿ ಬಿಲ್ಲೆ (ಯಾವ ಅಕ್ಷರ ಅಂತಲಾದರೂ ಇಡಬಹುದಾದದ್ದು) ಬಂದರೆ ಏನು ಮಾಡೋದು?

ಏಳುಸುತ್ತು:

ಇದಕ್ಕೆ ಒಂದೇ ಫಾರ್ಮುಲಾ ಸಾಕು. ಎಚ್1ರಿಂದ ಎನ್1ರವರೆಗೆ ಏಳು ಮನೆ, ಮನೆಗೊಂದು ಬಿಲ್ಲೆ. ಪ್ರತಿ ಪದದಿಂದ ಒಂದೊಂದು ಬಿಲ್ಲೆಯನ್ನು ಒಂದೊಂದೇ ಸಲ ಕಿತ್ತು ಹಾಕ್ತಾ ಹೋಗೋದು, ಕೊನೆಗೆ ಎಷ್ಟು ಅಕ್ಷರ ಉಳೀತು ಅಂತ ಎಣಿಸೋದು. ಎರಡು ಬಿಲ್ಲೆಗೆ ಬರೆದು ತೋರಿಸ್ತೀನಿ, ಟೈಪ್ ಮಾಡುವಾಗ ಇಂಗ್ಲಿಷಲ್ಲಿ ಮಾಡಿ:

=ಲೆನ್(ಸಬ್‌ಸ್ಟಿಟ್ಯೂಟ್(ಸಬ್‌ಸ್ಟಿಟ್ಯೂಟ್(ಎ6,$ಎಚ್$1,"",1),$ಐ$1,"",1))

ಏಳಕ್ಕೆ ಏಳು ಸುತ್ತು ಒಂದರೊಳಗೊಂದು. ದುರ್ಗದವರಿಗೆ ಏಳು ಸುತ್ತು ಹೊಸದೇನಲ್ಲ. ಡಾಲರ್ ಚಿಹ್ನೆ ಮರೀಬೇಡಿ. ಅದಿಲ್ಲದಿದ್ದರೆ ಫಾರ್ಮುಲಾ ಕೆಳಗೆ ಎಳೆದಂತೆ ಬಿಲ್ಲೆಗಳ ವಿಳಾಸವೂ ಕೆಳಗೆ ಜಾರುತ್ತೆ. ಫಾರ್ಮುಲಾ ಲೆಕ್ಕ ಮಾಡದೆ ಬರೆದ ಹಾಗೇ ಕಾಣಿಸ್ತಿದ್ದರೆ ಆ ಕಾಲಮ್ಮೂ ಟೆಕ್ಸ್ಟ್ ಆಗಿಬಿಟ್ಟಿದೆ ಅಂತ. ಜನರಲ್‌ಗೆ ಬದಲಿಸಿ ಮತ್ತೆ ಎಂಟರ್ ಒತ್ತಿ.

ಕೊನೆಯಲ್ಲಿರೋ ಆ 1 ಇದೆಯಲ್ಲ, ಇಡೀ ಆಟ ಅದರ ಮೇಲೆ ನಿಂತಿದೆ. ಕೆ, ಐ, ಟಿ, ಸಿ, ಎಚ್, ಇ, ಎನ್ ಬಿಲ್ಲೆಗಳು ಬಂದಿವೆ ಅನ್ನಿ. ಕಿಚನ್‌ಗೆ 0 ಬರುತ್ತೆ, ಅಂದರೆ ಆಗುತ್ತೆ. ಥಿಕನ್‌ಗೂ 0, ಅದೇ ಏಳು ಅಕ್ಷರ ಅದಲುಬದಲು. ಚಿಕನ್‌ಗೆ 1 ಬರುತ್ತೆ. ಅದಕ್ಕೆ ಸಿ ಎರಡು ಬೇಕು, ನಮ್ಮ ಹತ್ತಿರ ಒಂದೇ ಇದೆ. ಆ 1 ಬಿಟ್ಟು ಫಾರ್ಮುಲಾ ಬರೆದರೆ ಸಬ್‌ಸ್ಟಿಟ್ಯೂಟ್ ಎರಡೂ ಸಿ ಕಿತ್ತುಹಾಕಿ ಚಿಕನ್‌ಗೂ 0 ತೋರಿಸುತ್ತೆ. ಸ್ಕ್ರ್ಯಾಬಲ್‌ನಲ್ಲಿ ಅದು ತಪ್ಪು.

ಆದರೆ ನಿಮ್ಮ ಜೇನುಗೂಡಿನ ಆಟಕ್ಕೆ ಅದೇ ಸರಿ! ಅಲ್ಲಿ ಒಂದಕ್ಷರ ಎಷ್ಟು ಸಲ ಬೇಕಾದರೂ ಬರಬಹುದಲ್ಲ. ಹಾಗಾಗಿ ಎರಡು ಕಾಲಮ್ ಇಟ್ಟುಕೊಳ್ಳಿ, 1 ಇರೋದು ಬೋರ್ಡಿಗೆ, 1 ಇಲ್ಲದ್ದು ಗೂಡಿಗೆ. ಗೂಡಿಗೆ ನಡುವಿನ ಅಕ್ಷರದ ಷರತ್ತನ್ನ ಪಕ್ಕದಲ್ಲಿ ಸೇರಿಸಿ.

ಖಾಲಿ ಬಿಲ್ಲೆ ಬಂದರೆ ಆ ಮನೆಯನ್ನ ಖಾಲಿ ಬಿಡಿ. ಕೀಳೋಕೆ ಏನೂ ಇಲ್ಲ ಅಂತ ಸಬ್‌ಸ್ಟಿಟ್ಯೂಟ್ ಪದವನ್ನ ಮುಟ್ಟದೆ ಮುಂದಕ್ಕೆ ಕೊಡುತ್ತೆ. ಆಮೇಲೆ ಫಿಲ್ಟರ್‌ನಲ್ಲಿ 0 ಮತ್ತು 1 ಎರಡನ್ನೂ ಬಿಡಿ. ಎರಡು ಖಾಲಿ ಬಿಲ್ಲೆ ಇದ್ದರೆ 2ರವರೆಗೆ. ಬೋರ್ಡ್ ಮೇಲೆ ಈಗಾಗಲೇ ಇರೋ ಅಕ್ಷರದ ಮೂಲಕ ಪದ ಹಾಯಿಸಬೇಕು ಅಂದರೆ ಎಂಟನೇ ಮನೆ, ಎಂಟನೇ ಸುತ್ತು.

ವೆಬ್‌ಸೈಟಿನ ಪಟ್ಟಿ ಯಾಕೆ ಕೈಕೊಡ್ತು ಅಂದರೆ ನಿಘಂಟು ಬೇರೆ. ಅಮೆರಿಕ, ಕೆನಡಾದಲ್ಲಿ ಆಡೋದು ಒಂದು ಪಟ್ಟಿ, ಭಾರತವೂ ಸೇರಿ ಹೊರಗಿನ ಬಹುತೇಕ ಕಡೆ ಕಾಲಿನ್ಸ್ ಪಟ್ಟಿ. ಕಾಲಿನ್ಸ್‌ನಲ್ಲಿ ಸಿ-ಎಚ್, ಝಡ್-ಒ, ಜೆ-ಎ ಅನ್ನೋ ಎರಡಕ್ಷರದ ಪದಗಳಿವೆ, ಅಮೆರಿಕದ ಪಟ್ಟಿಯಲ್ಲಿ ಇಲ್ಲ. ವರ್ಡ್ಸ್ ವಿತ್ ಫ್ರೆಂಡ್ಸ್ ಆಟಕ್ಕೆ ಅದರದ್ದೇ ಪಟ್ಟಿ, ಅಂಕಗಳೂ ಬೇರೆ. ಬೆಲೆ ಕೊಡದೆ, ಹಕ್ಕಿನ ತಕರಾರಿಲ್ಲದೆ ಬಳಸಬಹುದಾದದ್ದು ಎನೇಬಲ್ ಅನ್ನೋ ಪಟ್ಟಿ, ಸುಮಾರು 1 ಲಕ್ಷ 72 ಸಾವಿರ ಪದ ಇದೆ. ಯಾವುದನ್ನ ಆರಿಸಿದರೂ ಸರಿ, ಆಟ ಶುರುವಾಗೋ ಮುಂಚೆ ಹೇಳಿಬಿಡಿ. ನಡುವೆ ಬದಲಿಸಿದರೆ ಜಗಳ ಗ್ಯಾರಂಟಿ.

ಬೆಣ್ಣೆ_ಮುಂದೆ (ದಾವಣಗೆರೆ):

ಲ್ಯಾಪ್‌ಟಾಪಿನ ಕೆಲಸ ದುರ್ಗದ ಅಣ್ಣಾರು ಮುಗಿಸಿದ್ರು. ಆದ್ರ ಆಡೋವಾಗ ಮಕ್ಕಳ ಮುಂದ ಲ್ಯಾಪ್‌ಟಾಪ್ ಇರಂಗಿಲ್ರಿ. ಬರೇ ಕಣ್ಣಾಗ ಹುಡುಕೋದನ್ನ ಹೇಳ್ತೀನಿ.

ಕನ್ನಡದಾಗ ಓದಿದ ಹುಡುಗ್ರು ಪದ ಹುಡುಕೋದು ಸದ್ದಿನ ಮ್ಯಾಲೆ. ನಮ್ಮ ಲಿಪಿ ಹಂಗೈತಿ, ಅಂದಂಗ ಬರೀತೀವಿ. ಈ ಆಟ ಸದ್ದು ಕೇಳಂಗಿಲ್ಲ, ಅಕ್ಷರ ಕೇಳ್ತೈತಿ. ಕೆ, ಎನ್, ಇ, ಇ, ಎಲ್ ಕೊಟ್ಟು ನೋಡ್ರಿ. ಕೀನ್, ಕೀಲ್ ಅಂತ ಬರೀತಾರ. ಐದೂ ಬಿಲ್ಲೆ ಖಾಲಿ ಆಗೋ ನೀಲ್ (ಕೆ-ಎನ್-ಇ-ಇ-ಎಲ್, ಮಂಡಿ ಊರೋದು) ಹೊಳಿಯಂಗಿಲ್ಲ. ಯಾಕಂದ್ರ ಕೈಯಾಗ ಕೆ ಐತಿ, ಬಾಯಾಗ "ಕ" ಬರಬೇಕು ಅಂತ ಮನಸ್ಸು ಕಾಯ್ತಿರತೈತಿ. ಅದಕ್ಕ ಬಾಯಿಗೆ ಬಾರದ ಜೋಡಿಗಳ್ನ ಒಂದು ಚೀಟಿ ಮಾಡಿ ಕೊಡ್ರಿ: ಶುರುವಿಗೆ ಕೆ-ಎನ್, ಜಿ-ಎನ್, ಡಬ್ಲ್ಯು-ಆರ್, ಪಿ-ಎಸ್, ಕೊನಿಗೆ ಎಂ-ಬಿ, ಜಿ-ಎಚ್-ಟಿ. ಹಂಗೇ "ಫ" ಸದ್ದಿಗೆ ಪಿ-ಎಚ್, ಕೆಲವು ಕಡೆ ಜಿ-ಎಚ್. ಈ ಚೀಟಿ ಒಂದು ತಿಂಗಳು ಕೈಯಾಗಿದ್ರ ಸಾಕು.

ಬಿಲ್ಲೆ ಬಂದ ಕೂಡ್ಲೆ ಮೊದಲು ಬಾಲ ಬ್ಯಾರೆ ಮಾಡ್ರಿ. ಐ-ಎನ್-ಜಿ ಇದ್ರ ಮೂರನ್ನೂ ಬಲಕ್ಕ ಸರಿಸ್ರಿ, ಇ-ಆರ್, ಇ-ಡಿ ಇದ್ರ ಅವನ್ನ. ತಲಿ ಕಡೆ ಆರ್-ಇ, ಯು-ಎನ್. ಜಿ, ಐ, ಎನ್, ಆರ್, ಎ, ಟಿ, ಎಸ್ ಬಂತು ಅನ್ರಿ. ಐ-ಎನ್-ಜಿ ತೆಗೆದ್ರ ಉಳಿಯೋದು ಆರ್, ಎ, ಟಿ, ಎಸ್. ಸ್ಟಾರ್ ಕಾಣ್ತೈತಿ, ಸ್ಟೇರಿಂಗ್ ಆತು. ರೇಟಿಂಗ್‌ಗೆ ಎಸ್ ಹಚ್ಚಿದ್ರ ರೇಟಿಂಗ್ಸ್. ಬಾಲ ಬಂತಂತ ಅದಕ್ಕೇ ಅಂಟ್ಕೊಂಡು ಕುಂದರಬಾರದು, ಒಂದು ನಿಮಿಷ ನೋಡಿ ಬಿಲ್ಲೆ ಎಲ್ಲಾ ಗುಂಡಗೆ ಜೋಡಿಸಿ ಮತ್ತ ನೋಡ್ರಿ. ಏಳೂ ಒಮ್ಮೆಗೇ ಇಟ್ರ 50 ಹೆಚ್ಚಿಗೆ ಬರ್ತಾವಲ್ರಿ. ಮ್ಯಾಲಿನ ಕಿಚನ್ ಬರೇ ಅಕ್ಷರ ಕೂಡಿದ್ರ 16. ಮೊದಲ ಆಟದಾಗ ನಡುವಿನ ನಕ್ಷತ್ರದ ಮ್ಯಾಲೆ ಹಾಯ್ಸಿದ್ರ ಇಮ್ಮಡಿ 32, ಅದಕ್ಕ 50 ಸೇರಿ 82. ಅದ್ರಾಗ ಕೆ ತಿಳಿನೀಲಿ ಮನ್ಯಾಗ (ಆ ಅಕ್ಷರದ ಅಂಕ ಎರಡು ಪಟ್ಟು) ಬಿದ್ರ 92.

ಕ್ಯೂ ಬಂದ್ರ ಹೆದರಬ್ಯಾಡ್ರಿ. ಕ್ಯೂ-ಐ ಎರಡೇ ಅಕ್ಷರ, ಚೀನಾದವರ "ಪ್ರಾಣಶಕ್ತಿ", ಎರಡೂ ನಿಘಂಟಿನಾಗ ಐತಿ. ಮೂರು ಪಟ್ಟಿನ ಅಕ್ಷರದ ಮನಿ ಕೆಳಗ ಒಂದು ಐ ಮೊದಲೇ ಕುಂತಿತ್ತು ಅನ್ರಿ. ಆ ಮನ್ಯಾಗ ಕ್ಯೂ ಇಟ್ಟು ಬಲಕ್ಕ ಇನ್ನೊಂದು ಐ ಇಟ್ರ, ಅಡ್ಡಕ್ಕೂ ಕ್ಯೂ-ಐ, ಉದ್ದಕ್ಕೂ ಕ್ಯೂ-ಐ. ಕ್ಯೂ 10, ಮೂರು ಪಟ್ಟು 30, ಐ 1, ಒಟ್ಟು 31. ಎರಡು ಕಡೆ ಎಣಿಸಿದ್ರ 62. ಬಿಲ್ಲೆ ಎರಡೇ ಖರ್ಚು. ಬಲಕ್ಕಿಟ್ಟ ಐ ಮೇಲೆ ಕೆಳಗ ಬ್ಯಾರೆ ಬಿಲ್ಲಿಗೆ ತಾಗಿ ಇಲ್ಲದ ಪದ ಹುಟ್ಟದಂಗ ನೋಡ್ಕೋರಿ, ಅಷ್ಟೇ.

ಕ್ಯೂಕಿಂತ ಕಾಡೋದು ವಿ. ಅದಕ್ಕ ಅಂಕ 4 ಅಷ್ಟೇ ಅಂತ ಯಾರೂ ಲಕ್ಷ್ಯ ಕೊಡಂಗಿಲ್ಲ. ವಿ ಇರೋ ಎರಡಕ್ಷರದ ಪದ ಒಂದೂ ಇಲ್ರಿ, ಯಾವ ಪಟ್ಟಿನಾಗೂ. ಹಂಗಾಗಿ ವಿ ಪಕ್ಕಕ್ಕ ಎರಡಕ್ಷರ ಮಾಡಿ ಯಾವುದನ್ನೂ ಸಮಾಂತರ ಇಡಾಕ ಬರಂಗಿಲ್ಲ, ಆ ಜಾಗ ಬಂದ್ ಆದಂಗ. ಮುಂದಿದ್ದಾಗ ಬೇಕಂತ್ಲೇ ಹಂಗ ಬಂದ್ ಮಾಡ್ತಾರ ಆಡಿ ಪಳಗಿದವರು.

ಸ್ವರ ಒಂದೂ ಬರಲಿಲ್ಲಂದ್ರ: ಎಚ್-ಎಂ-ಎಂ, ಪಿ-ಎಸ್-ಟಿ, ಎನ್-ಟಿ-ಎಚ್. ವೈ ಇದ್ರ ನಿಂಫ್, ಲಿಂಕ್ಸ್, ರಿದಮ್. ಡಬ್ಲ್ಯುನೇ ಸ್ವರದಂಗ ಕೆಲಸ ಮಾಡೋ ವೆಲ್ಷ್ ಪದ ಸಿ-ಡಬ್ಲ್ಯು-ಎಂ, ಸಿ-ಆರ್-ಡಬ್ಲ್ಯು-ಟಿ-ಎಚ್. ಬರೇ ಸ್ವರನೇ ಬಂದ್ರ ಎ-ಎ, ಎ-ಇ, ಎ-ಐ, ಒ-ಇ, ಇ-ಎ-ಯು. ಅಡಿಯು, ಆಡಿಯೋ ಎರಡೂ ನಾಲ್ಕು ನಾಲ್ಕು ಸ್ವರ ಖರ್ಚು ಮಾಡ್ತಾವು.

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ):

ಮಕ್ಕಳಿಗೆ ಊರಿನ ಪದಗಳಿಂದಲೇ ಶುರು ಮಾಡಿಸಿ, ಬೇಗ ಹತ್ತುತ್ತೆ. ಕಾಲಿನ್ಸ್ ಪಟ್ಟಿಯಲ್ಲಿ ನಮ್ಮ ಹೊಲದ್ದು, ಅಡುಗೆಮನೆಯದ್ದು ಬೇಕಾದಷ್ಟಿದೆ. ಜೆ ಬಂದು ಕೂತರೆ ಜೋಳ: ಜೆ-ಒ-ಡಬ್ಲ್ಯು-ಎ-ಆರ್, 15 ಅಂಕ. ಸಜ್ಜೆ: ಬಿ-ಎ-ಜೆ-ಆರ್-ಎ, 14. ಪೂಜೆಯನ್ನ ಪಿ-ಯು-ಜೆ-ಎ ಅಂತ ಇಟ್ಟರೆ 13. ಕೆ, ಎಚ್ ಜೊತೆಯಾಗಿ ಬಂದರೆ ಲಕ್ಷ (ಎಲ್-ಎ-ಕೆ-ಎಚ್) 11, ಖಾದಿ (ಕೆ-ಎಚ್-ಎ-ಡಿ-ಐ) 13. ರಾಗಿಗೆ ಆರ್-ಎ-ಜಿ-ಐ ಅಂತಲೂ ಆರ್-ಎ-ಜಿ-ಇ-ಇ ಅಂತಲೂ ಎರಡು ಸ್ಪೆಲ್ಲಿಂಗ್ ನಡೆಯುತ್ತೆ. ತುಪ್ಪಕ್ಕೂ ಹಾಗೇ, ಜಿ-ಎಚ್-ಇ-ಇ ಮತ್ತು ಜಿ-ಎಚ್-ಐ. ದೋಸೆ ಡಿ-ಒ-ಎಸ್-ಎ, ಇಡ್ಲಿ ಐ-ಡಿ-ಎಲ್-ಐ. ಇನ್ನು ಚನ್ನಗಿರಿ ಕಡೆಯ ಮಕ್ಕಳಿಗೆ ಅಡಿಕೆ: ಎ-ಆರ್-ಇ-ಸಿ-ಎ. ಮಲಯಾಳಂನಿಂದ ಪೋರ್ಚುಗೀಸರ ಬಾಯಿಗೆ ಬಿದ್ದು ಇಂಗ್ಲಿಷಿಗೆ ಹೋದ ಪದ, ನಮ್ಮ ಅಡಿಕೆಯ ಹತ್ತಿರದ ನೆಂಟ. ಐದರಲ್ಲಿ ಮೂರು ಸ್ವರ.

ಹಾಗಂತ ಕಂಡಿದ್ದೆಲ್ಲ ನಡೆಯಲ್ಲ. ಮಂಡಕ್ಕಿ ಇಲ್ಲ, ಎಷ್ಟೇ ವಾದ ಮಾಡಿದರೂ ಇಲ್ಲ.

ಐದಕ್ಷರದ ಆಟದ ಬಗ್ಗೆ ಯಾರೂ ಹೇಳಲಿಲ್ಲ. ಹಲಗೆ ಮೇಲೆ ನೀವೇ ಬಣ್ಣ (ಸರಿಯಾದ ಮನೆಯಲ್ಲಿದ್ದರೆ ಹಸಿರು, ಬೇರೆ ಮನೆಯದಾದರೆ ಹಳದಿ, ಇಲ್ಲದಿದ್ದರೆ ಬೂದು) ಹಾಕ್ತೀರಿ ಅಂದರೆ ಹೆಚ್ಚು ತಪ್ಪಾಗೋದು ಒಂದೇ ಅಕ್ಷರ ಎರಡು ಮೂರು ಸಲ ಬಂದಾಗ. ಉತ್ತರ ಎಲ್ಡರ್ (ಇ-ಎಲ್-ಡಿ-ಇ-ಆರ್), ಮಗು ಊಹಿಸಿದ್ದು ಗೀಸ್ (ಜಿ-ಇ-ಇ-ಎಸ್-ಇ) ಅಂತಿಟ್ಟುಕೊಳ್ಳಿ. ಊಹೆಯಲ್ಲಿ ಮೂರು ಇ, ಉತ್ತರದಲ್ಲಿ ಎರಡು. ಮೂರಕ್ಕೂ ಹಳದಿ ಹಾಕಿದರೆ ತಪ್ಪು. ಚೀಟಿಯಲ್ಲಿ ಉತ್ತರ ಬರೆದಿಟ್ಟುಕೊಂಡು, ಮೊದಲು ಸರಿಯಾದ ಮನೆಯಲ್ಲಿರುವ ಅಕ್ಷರಗಳಿಗೆಲ್ಲ ಹಸಿರು ಹಾಕಿ, ಉತ್ತರದಲ್ಲಿ ಅವನ್ನ ಹೊಡೆದುಹಾಕಿ. ಆಮೇಲೆ ಎಡದಿಂದ ಬಲಕ್ಕೆ ಬನ್ನಿ. ಉಳಿದ ಒಂದೊಂದು ಅಕ್ಷರಕ್ಕೂ ಉತ್ತರದಲ್ಲಿ ಹೊಡೆಯದ ಜೋಡಿ ಸಿಕ್ಕರೆ ಹಳದಿ ಹಾಕಿ ಅದನ್ನೂ ಹೊಡೀರಿ, ಸಿಗದಿದ್ದರೆ ಬೂದು. ಇಲ್ಲಿ ಮೊದಲೆರಡು ಇ ಹಳದಿ, ಕೊನೆಯ ಇ ಬೂದು. ಆ ಬೂದು ಬಣ್ಣ ನೋಡಿ "ಇ ಇಲ್ಲ" ಅಂದುಕೊಳ್ಳೋ ಮಗು ಸೋಲುತ್ತೆ. ಅದು ಹೇಳ್ತಿರೋದು "ಇ ಎರಡೇ, ಮೂರನೆಯದಿಲ್ಲ" ಅಂತ.

ಮೊದಲೆರಡು ಊಹೆಗೆ ಅರೈಸ್ (ಎ-ಆರ್-ಐ-ಎಸ್-ಇ), ಕೌಂಟ್ (ಸಿ-ಒ-ಯು-ಎನ್-ಟಿ) ಬಳಸಿದರೆ ಹತ್ತು ಬೇರೆ ಬೇರೆ ಅಕ್ಷರ ಮುಗಿಯುತ್ತವೆ, ಐದೂ ಸ್ವರಗಳು ಅದರೊಳಗೇ.

ಆಮೇಲೆ ಐ-ಜಿ-ಎಚ್-ಟಿ ಬಲೆ. ಕೊನೆಯ ನಾಲ್ಕೂ ಹಸಿರಾಗಿವೆ, ಮೊದಲನೆಯದು ಗೊತ್ತಿಲ್ಲ. ಎಯ್ಟ್, ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್, ಸಾಮಾನ್ಯ ಪದಗಳೇ ಎಂಟು. ಒಂದೊಂದೇ ಊಹಿಸ್ತಾ ಕೂತರೆ ಆರು ಅವಕಾಶ ಸಾಲಲ್ಲ. ಎರಡು ಊಹೆಯನ್ನ ಬರೀ ಸೋಸೋಕೆ ಖರ್ಚು ಮಾಡಿ: ಫಿಲ್ಮ್ಸ್ (ಎಫ್-ಐ-ಎಲ್-ಎಂ-ಎಸ್) ಹಾಕಿದರೆ ಎಫ್, ಎಲ್, ಎಂ, ಎಸ್ ಪರೀಕ್ಷೆ ಆಯ್ತು. ಟ್ರೆಂಡ್ (ಟಿ-ಆರ್-ಇ-ಎನ್-ಡಿ) ಹಾಕಿದರೆ ಟಿ, ಆರ್, ಇ, ಎನ್. ಎಂಟೂ ಮುಗಿದವು. ಒಂದು ಸೂಕ್ಷ್ಮ ಇದೆ: ಟಿ ಕೊನೆಯಲ್ಲಿ ಹೇಗೂ ಇರೋದರಿಂದ ಟ್ರೆಂಡ್‌ನ ಟಿ ಬಣ್ಣ ಪಡೆದೇ ಪಡೆಯುತ್ತೆ. ಹಸಿರಾದರೆ ಮಾತ್ರ ಉತ್ತರ ಟೈಟ್, ಹಳದಿಯಾದರೆ ಕೊನೆಯ ಟಿ ಅಷ್ಟೇ. ಸಿಕ್ಕ ಸುಳಿವನ್ನ ಮುಂದಿನ ಊಹೆಯಲ್ಲಿ ಬಳಸಲೇಬೇಕು ಅನ್ನೋ ಹಾರ್ಡ್ ಮೋಡ್ ಇಟ್ಟರೆ ಈ ಉಪಾಯ ನಡೆಯಲ್ಲ, ಮಕ್ಕಳಿಗೆ ಅದು ಬೇಡ.

ಉತ್ತರ ಆರಿಸುವಾಗ ಎಸ್ ಹಚ್ಚಿದ ಬರೀ ಬಹುವಚನ ಬಿಟ್ಟುಬಿಡಿ.

ಕುಂದವಾಡ_ಕೆರೆ:

ಎಲ್ಲರಿಗೂ ನಮಸ್ಕಾರ. ಫಾರ್ಮುಲಾ ಹಾಕಿ ನೋಡಿದೆ, ಚಿಕನ್‌ಗೆ 1 ಬಂತು, ಪಕ್ಕದ ಕಾಲಮ್ಮಲ್ಲಿ 0 ಬಂತು. ಎರಡು ಅನುಮಾನ. ಗೂಡಿಗೆ ಏಳು ಅಕ್ಷರ ಆರಿಸೋದು ಹೇಗೆ? ಸುಮ್ಮನೆ ಏಳು ಹಾಕಿದರೆ ಒಮ್ಮೆ ಆರು ಪದ ಬರುತ್ತೆ, ಒಮ್ಮೆ ಇನ್ನೂರು. ಮತ್ತೆ, ಮೈಕಿಲ್ಲದೆ ಅಕ್ಷರ ಕೂಗಿದರೆ ಹಿಂದಿನ ಸಾಲಿನವರು ತಪ್ಪು ಬರ್ಕೋತಾರೆ.

ಏಳುಸುತ್ತು:

ಉಲ್ಟಾ ಬನ್ನಿ. ಒಂದೂ ಅಕ್ಷರ ಮರುಕಳಿಸದ ಏಳಕ್ಷರದ ಪದವನ್ನ ಮೊದಲು ಆರಿಸಿ, ಅದನ್ನೇ ಗೂಡಿಗೆ ಹರಡಿ. ಆಗ ಏಳೂ ಬಳಸೋ ಪದ ಒಂದಾದರೂ ಇದ್ದೇ ಇರುತ್ತೆ. ಕಿಚನ್ ಹಾಕಿದರೆ ಥಿಕನ್ ಪುಕ್ಕಟೆ, ಚಿಕನ್, ಕಿಟನ್ ಕೂಡ ಬರುತ್ತವೆ. ಆಮೇಲೆ ನಡುವಿನ ಅಕ್ಷರವನ್ನ ಒಂದೊಂದಾಗಿ ಬದಲಿಸಿ ಎಷ್ಟು ಪದ ಬಂತು ನೋಡಿ. ಇ ಇಟ್ಟರೆ ಪಟ್ಟಿ ಉದ್ದ, ಕೆ ಅಥವಾ ಎಚ್ ಇಟ್ಟರೆ ಗಿಡ್ಡ. ನಾಲ್ಕಕ್ಷರಕ್ಕಿಂತ ಕಡಿಮೆ ಇರೋದನ್ನ ಲೆಕ್ಕಕ್ಕೆ ತಗೋಬೇಡಿ. ಇಪ್ಪತ್ತರಿಂದ ನಲವತ್ತರೊಳಗೆ ಬಂದರೆ ಅರ್ಧ ಗಂಟೆಯ ಆಟಕ್ಕೆ ಹದ. ನ್ಯೂಯಾರ್ಕ್ ಟೈಮ್ಸ್‌ನ ಗೂಡಿನಲ್ಲಿ ಎಸ್ ಇಡಲ್ಲ, ನೀವೂ ಇಡಬೇಡಿ, ಎಲ್ಲ ನಾಮಪದಕ್ಕೂ ಬಾಲ ಹಚ್ಚಿ ಪಟ್ಟಿ ಊದಿಕೊಳ್ಳುತ್ತೆ. ಐ-ಎನ್-ಜಿ ಮೂರೂ ಒಟ್ಟಿಗಿದ್ದರೂ ಅದೇ ಕಥೆ. ಅಂಕವನ್ನೂ ಅಲ್ಲಿಯ ಹಾಗೇ ಕೊಡಬಹುದು: ನಾಲ್ಕಕ್ಷರದ ಪದಕ್ಕೆ 1, ಅದಕ್ಕಿಂತ ಉದ್ದವಾದರೆ ಎಷ್ಟು ಅಕ್ಷರವೋ ಅಷ್ಟು ಅಂಕ, ಏಳೂ ಬಳಸಿದ್ದಕ್ಕೆ 7 ಹೆಚ್ಚಿಗೆ.

ಬೆಣ್ಣೆ_ಮುಂದೆ:

ಕೂಗೋದ್ರಾಗ ಹದಗೆಡೋವು ಎಂ-ಎನ್, ಜಿ-ಜೆ, ಬಿ-ವಿ. ಇನ್ನ ಎ ಮತ್ತ ಇ. ಎ ಅನ್ನೋದನ್ನ ಗಿಡ್ಡಕ್ಕ ಅಂದ್ರ ಇ ಅಂತ ಕೇಳಸ್ತೈತಿ, "ಏ", "ಈ" ಅಂತ ಎಳೆದು ಹೇಳ್ರಿ. ಉಳಿದವಕ್ಕ ಒಂದೊಂದು ಪದ ಕಟ್ಟಿಬಿಡ್ರಿ, ಮೊದಲ ದಿನನೇ ಹಲಗಿ ಮ್ಯಾಲೆ ಬರೆದು: ಎಂ ಮ್ಯಾಂಗೋ, ಎನ್ ನೆಟ್, ಜಿ ಗೇಟ್, ಜೆ ಜಗ್, ಬಿ ಬಸ್, ವಿ ವ್ಯಾನ್. ಜಿಗೆ ಜಿರಾಫೆ ಹೇಳಬ್ಯಾಡ್ರಿ, ಅಲ್ಲೇ ಅರ್ಧ ಹುಡುಗ್ರು ಜೆ ಬರ್ಕೊಂಡಿರ್ತಾರ.